ಎಂ.ಟಿ.ಆರ್.: ಸಿಬ್ಬಂದಿ ವಿಭಾಗದವನ ಕಣ್ಣಿನಲ್ಲಿ ಒಂದು ತಿಂಡಿ, ಒಂದು ಊಟ

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿನ ರವೆ ಇಡ್ಲಿಯನ್ನು ಹೊಗಳಿ ಬರೆದವರು ಬಹಳ ಮಂದಿ ಇದ್ದಾರೆ. ಅವರ ಸಾಲಿಗೆ ಇನ್ನೊಬ್ಬನನ್ನು ಸೇರಿಸುವುದಕ್ಕಾಗಿ ಈ ವಿಮರ್ಶೆಯನ್ನು ಬರೆಯುತ್ತಿಲ್ಲ. ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದವನು ನಾನು (ನಡುವೆ ಅದಕ್ಕೆ ಎಚ್.ಆರ್. ಎಂಬ ಹೆಸರು ಬಂತು, ಮೇಜು ಕುರ್ಚಿಗಳು ಮಾತ್ರ ಅವೇ ಉಳಿದವು). ಹೋಟೆಲಿಗೆ ಹೋದರೆ ತಟ್ಟೆಯಲ್ಲಿರುವುದಕ್ಕಿಂತ ಮೊದಲು ತಟ್ಟೆ ತರುವವರ ನಡಿಗೆ ನನ್ನ ಕಣ್ಣಿಗೆ ಬೀಳುತ್ತದೆ. ಯಾರು ಯಾರಿಗೆ ಸನ್ನೆ ಮಾಡುತ್ತಾರೆ, ಒಂದು ಮೇಜು ಖಾಲಿಯಾದ ಮೇಲೆ ಅದನ್ನು ಒರೆಸಲು ಯಾರಾದರೂ ಹೇಳಬೇಕೇ, ಗಿರಾಕಿ ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದಾಗ ಸಪ್ಲೈಯರ್ ತಾನೇ ಉತ್ತರಿಸುತ್ತಾನೆಯೇ ಅಥವಾ ಗಲ್ಲಾದ ಕಡೆ ನೋಡುತ್ತಾನೆಯೇ ಎಂಬುದರಿಂದ ಆ ಸಂಸ್ಥೆ ತನ್ನ ಜನರನ್ನು ಹೇಗೆ ಇಟ್ಟುಕೊಂಡಿದೆ ಎಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ನನ್ನ ವೃತ್ತಿಯ ಹಳೆಯ ತಲೆನೋವು ಇಲ್ಲಿಯೂ ಜೊತೆಗೆ ಬಂದಿತ್ತು. ಒಂದೇ ಕೆಲಸವನ್ನು ದಿನವೂ ಒಂದೇ ಹದದಲ್ಲಿ, ಕಡಿಮೆ ಖರ್ಚಿನಲ್ಲಿ, ತಪ್ಪಿಲ್ಲದೆ ಮಾಡುವುದು ದಕ್ಷತೆ. ಕಾಲ ತಿರುಗಿದಾಗ ಬೇರೆ ಕೆಲಸಕ್ಕೆ ಹೊರಳಿಕೊಳ್ಳುವುದು ಹೊಂದಾಣಿಕೆ. ಎರಡೂ ಬೇಕು, ಆದರೆ ಒಂದಕ್ಕಾಗಿ ಮಾಡಿಕೊಂಡ ವ್ಯವಸ್ಥೆ ಇನ್ನೊಂದರ ಕಾಲಿಗೆ ತೊಡರುತ್ತದೆ. ಅಮೆರಿಕದ ವಿದ್ವಾಂಸ ಜೇಮ್ಸ್ ಮಾರ್ಚ್ 1991ರಲ್ಲಿ ಇದನ್ನು ವಿವರವಾಗಿ ಚರ್ಚಿಸಿದ ಮೇಲೆ, ಎರಡನ್ನೂ ನಿಭಾಯಿಸುವ ಸಂಸ್ಥೆಗಳನ್ನು ಎರಡು ಕೈಯೂ ಸಮವಾಗಿ ಆಡುವವರಿಗೆ ಹೋಲಿಸುವ ವಾಡಿಕೆ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಬೆಳೆಯಿತು. ಕನ್ನಡಿಗರಿಗೆ ಆ ಪದವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರಿದೆ. ಎಂ.ಟಿ.ಆರ್. ನೂರು ವರ್ಷ ದಾಟಿದ ಸಂಸ್ಥೆ. ಅದು ಎಷ್ಟರ ಮಟ್ಟಿಗೆ ಸವ್ಯಸಾಚಿ ಎಂಬುದನ್ನು ನೋಡಲೆಂದೇ ಒಂದು ಬುಧವಾರ ಬೆಳಿಗ್ಗೆ ತಿಂಡಿಗೂ ಅದೇ ದಿನ ಮಧ್ಯಾಹ್ನ ಊಟಕ್ಕೂ ಹೋದೆ.

ಬೆಳಿಗ್ಗೆ ಏಳರೊಳಗೆ ಹೋದರೆ ಕಾಯುವ ಪ್ರಮೇಯ ಕಡಿಮೆ. ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳುವುದು ಇಲ್ಲಿನ ರೂಢಿ. ನನ್ನೆದುರು ಲಾಲ್‌ಬಾಗಿನಲ್ಲಿ ನಡೆದು ಬಂದ ಹಿರಿಯ ದಂಪತಿ ಕುಳಿತಿದ್ದರು. ರವೆ ಇಡ್ಲಿ ಹೇಳಿದೆ. ಮೇಲೆ ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಹಸಿರು ಚಟ್ನಿ, ಪುಟ್ಟ ಬಟ್ಟಲಿನಲ್ಲಿ ತುಪ್ಪ. ಇಡ್ಲಿ ಬೆರಳಿಗೆ ಮೆತ್ತಗೆ ಸಿಕ್ಕಿ, ಬಾಯಲ್ಲಿ ಸ್ವಲ್ಪ ತರಿ ಉಳಿಸಿಕೊಂಡಿತ್ತು. ಸೋಡದ ವಾಸನೆ ಎಳ್ಳಷ್ಟೂ ಇರಲಿಲ್ಲ. ಮಸಾಲೆ ದೋಸೆ ದಪ್ಪಗೆ, ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಗರಿಗರಿಯಾಗಿತ್ತು. ಕಾಫಿಯ ವಿಷಯದಲ್ಲಿ ನಾನು ಪಕ್ಷಪಾತಿ, ಆದ್ದರಿಂದ ಅದನ್ನು ಬಿಡುತ್ತೇನೆ. ಹೇಳಬೇಕಾದದ್ದು ಸಪ್ಲೈಯರ ವಿಷಯ. ಐವತ್ತರ ಆಸುಪಾಸಿನ ಅವರು ಆರ್ಡರ್ ತೆಗೆದುಕೊಂಡರು, ತಿಂಡಿ ತಂದರು, ಎದುರಿಗಿದ್ದ ಅಜ್ಜಿ ಕೇಳುವ ಮೊದಲೇ ಬಿಸಿನೀರು ಇಟ್ಟರು, ಬಿಲ್ಲನ್ನೂ ಅವರೇ ತಂದರು. ನಮ್ಮ ಮೇಜಿನ ಮಟ್ಟಿಗೆ ಇಡೀ ಹೋಟೆಲು ಅವರೊಬ್ಬರೇ.

ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ಸಭಾಂಗಣದಲ್ಲಿ ಕೆಲಸದ ಸ್ವರೂಪವೇ ಬದಲಾಗಿತ್ತು. ಊಟಕ್ಕೆ ಆಯ್ಕೆಯಿಲ್ಲ, ಇಂದಿನ ಊಟ ಏನೋ ಅದೇ. ಒಬ್ಬರ ಕೈಯಲ್ಲಿ ಕೋಸಂಬರಿ, ಒಬ್ಬರ ಕೈಯಲ್ಲಿ ಪಲ್ಯ, ಇನ್ನೊಬ್ಬರದು ಹುಳಿಯ ಬಕೆಟ್ಟು. ಮದುವೆಮನೆಯ ಪಂಕ್ತಿಯಂತೆ ಪ್ರತಿಯೊಬ್ಬರೂ ಒಂದೊಂದು ಪದಾರ್ಥ ಹಿಡಿದು ಸಾಲಿನುದ್ದಕ್ಕೂ ಸಾಗುತ್ತಾರೆ. ಬೆಳಿಗ್ಗೆ ನಮ್ಮ ಮೇಜಿನ ಸರ್ವಾಧಿಕಾರಿಯಾಗಿದ್ದವರು ಈಗ ಸಾರಿನ ಸೌಟು ಹಿಡಿದ ಒಬ್ಬರು ಮಾತ್ರ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಬೆಳಿಗ್ಗೆ ಇಡೀ ಯಂತ್ರವನ್ನು ಒಬ್ಬನೇ ಜೋಡಿಸುವ ಕಸುಬುದಾರನಿಗೆ ಮಧ್ಯಾಹ್ನ ಅಸೆಂಬ್ಲಿ ಲೈನಿನಲ್ಲಿ ಒಂದೇ ಬೋಲ್ಟು ಬಿಗಿಯುವ ಕೆಲಸ. ತಿಂಡಿಯ ಹೊತ್ತಿನಲ್ಲಿ ಗಿರಾಕಿ ಏನು ಕೇಳುತ್ತಾನೋ ಗೊತ್ತಿಲ್ಲ, ಆದ್ದರಿಂದ ವಿವೇಚನೆಯುಳ್ಳ ಒಬ್ಬರ ಕೈಗೆ ಇಡೀ ಮೇಜು. ಊಟದ ಹೊತ್ತಿನಲ್ಲಿ ಏನು ಬೇಕೆಂಬುದು ಮೊದಲೇ ಗೊತ್ತು, ಆದ್ದರಿಂದ ಕೆಲಸವನ್ನು ಹೋಳು ಹೋಳು ಮಾಡಿ ವೇಗ ಸಾಧಿಸಿದ್ದಾರೆ. ಈ ಎರಡು ಪದ್ಧತಿಗಳಿಗೆ ಬೇರೆ ಬೇರೆ ಜನರನ್ನು ನೇಮಿಸಿಕೊಂಡರೆ ಇಬ್ಬರೂ ಅರ್ಧ ದಿನ ಸುಮ್ಮನೆ ಕೂರಬೇಕಾಗುತ್ತದೆ. ಒಬ್ಬರೇ ಎರಡನ್ನೂ ಬಲ್ಲವರಾದರೆ ಸಂಬಳದ ಖರ್ಚೂ ಉಳಿಯುತ್ತದೆ, ಗಿರಾಕಿಗೂ ಕೊರತೆಯಾಗುವುದಿಲ್ಲ. ನಾವು ಕಾರ್ಖಾನೆಯಲ್ಲಿ ಬಹುಕೌಶಲ ತರಬೇತಿ ಎಂದು ಹೆಸರಿಟ್ಟು, ಗೋಡೆಗೆ ಪಟ್ಟಿ ಅಂಟಿಸಿ, ಅರ್ಧಕ್ಕೆ ಬಿಟ್ಟ ಕೆಲಸವನ್ನು ಇಲ್ಲಿ ಯಾರೂ ಹೆಸರಿಡದೆ ಮಾಡುತ್ತಿದ್ದಾರೆ.

ಇದು ಒಂದು ದಿನದಲ್ಲಿ ಬಂದದ್ದಲ್ಲ. ಉಡುಪಿ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಈಗಿನ ಕಟ್ಟಡಕ್ಕೂ ಈಗಿನ ಹೆಸರಿಗೂ ಬಂದದ್ದು 1960ರಲ್ಲಿ. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆಂದು ನೋಡಿಕೊಂಡು ಬಂದರು. ಕಡಲು ದಾಟಿ ಹೋದವರು ತಂದದ್ದು ಅಲ್ಲಿನ ತಿನಿಸನ್ನಲ್ಲ, ಪಾತ್ರೆಗಳನ್ನು ಹಬೆಯಿಂದ ಶುದ್ಧಿ ಮಾಡುವ ಕ್ರಮವನ್ನು ಮತ್ತು ಅಡುಗೆಮನೆಯ ಶಿಸ್ತನ್ನು. ಗಿರಾಕಿಗಳು ಅಡುಗೆಮನೆಯನ್ನು ಹಾದುಕೊಂಡೇ ತಮ್ಮ ಜಾಗಕ್ಕೆ ಹೋಗುವಂತೆ ಇಲ್ಲಿ ಏರ್ಪಾಡು ಮಾಡಲಾಗಿತ್ತು. ಸಿಬ್ಬಂದಿ ವಿಭಾಗದವನಾಗಿ ನನಗೆ ಇದಕ್ಕಿಂತ ಜಾಣತನದ ಮೇಲ್ವಿಚಾರಣೆ ಬೇರೆಲ್ಲಿಯೂ ಕಂಡಿಲ್ಲ. ಭಟ್ಟರ ಬೆನ್ನ ಹಿಂದೆ ಸೂಪರ್‌ವೈಸರ್ ಒಬ್ಬನನ್ನು ನಿಲ್ಲಿಸಿದರೆ ಅವನಿಗೂ ಸಂಬಳ ಕೊಡಬೇಕು, ಭಟ್ಟರಿಗೂ ಮುಜುಗರ. ದೋಸೆ ತಿನ್ನಲು ಬಂದವರ ಕಣ್ಣಾದರೋ ಬಿಟ್ಟಿ. ಜೊತೆಗೆ ತನ್ನ ಕೆಲಸವನ್ನು ಊರೇ ನೋಡುತ್ತಿದೆ ಎಂಬ ಅರಿವು ಕೆಲಸಗಾರನ ಬೆನ್ನನ್ನು ನೆಟ್ಟಗೆ ಮಾಡುತ್ತದೆ, ಕಾವಲಿನ ಅರಿವು ಬಾಗಿಸುತ್ತದೆ.

ರವೆ ಇಡ್ಲಿಯ ಹುಟ್ಟನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ಇಲ್ಲಿ ನಡೆಯಿತೆಂಬುದು ಎಂ.ಟಿ.ಆರ್. ಹೇಳಿಕೊಂಡು ಬಂದಿರುವ ಚರಿತ್ರೆ. ಕಥೆ ಎಲ್ಲರಿಗೂ ಗೊತ್ತು. ಅದರೊಳಗಿನ ಕೆಲಸದ ಲೆಕ್ಕವನ್ನು ಗಮನಿಸಿದವರು ಕಡಿಮೆ. ಅಕ್ಕಿಯ ಇಡ್ಲಿಗೆ ನೆನೆಸುವುದು, ರುಬ್ಬುವುದು, ರಾತ್ರಿಯಿಡೀ ಹುಳಿ ಬರಿಸುವುದು ಎಂಬ ಮೂರು ಹಂತಗಳಿವೆ. ನಾಳೆ ಎಷ್ಟು ಜನ ಬರುತ್ತಾರೆಂದು ಇಂದೇ ಊಹಿಸಬೇಕು. ರವೆ, ಮೊಸರು, ಸೋಡ, ಒಗ್ಗರಣೆಯ ಇಡ್ಲಿಗೆ ಅದಾವುದೂ ಬೇಡ. ಹಬೆ ಅದೇ, ತಟ್ಟೆ ಅದೇ, ಹದ ನೋಡುವ ಕೈಯೂ ಅದೇ. ಧಾನ್ಯ ಮಾತ್ರ ಬೇರೆ. ಒಂದು ಕೆಲಸವನ್ನು ಆಳವಾಗಿ ಬಲ್ಲವರಿಗಷ್ಟೇ ಅದರಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಿಳಿಯುತ್ತದೆ. ದಿನವೂ ಒಂದೇ ಕೆಲಸ ಮಾಡಿದವರು ಜಡರಾಗುತ್ತಾರೆ ಎಂಬ ಮಾತನ್ನು ತರಬೇತಿ ಶಿಬಿರಗಳಲ್ಲಿ ನಾನೇ ಹಲವು ಸಲ ಹೇಳಿದ್ದೇನೆ. ಈ ಇಡ್ಲಿಯನ್ನು ತಿನ್ನುವಾಗ ಆ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳಬೇಕೆನ್ನಿಸಿತು.

ಆದರೆ ನಿಜವಾದ ಪರೀಕ್ಷೆ ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ಹೋಟೆಲು ತಿಂಡಿಗಳಿಗೆ ಸರ್ಕಾರ ಬಹಳ ಕಡಿಮೆ ದರ ಗೊತ್ತುಮಾಡಿತು. ಆ ದರಕ್ಕೆ ತಮ್ಮ ತುಪ್ಪ, ತಮ್ಮ ಗುಣಮಟ್ಟ ಎರಡನ್ನೂ ಉಳಿಸಿಕೊಂಡು ಮಾರಲು ಸಾಧ್ಯವಿರಲಿಲ್ಲ. ಗುಣ ಇಳಿಸುವುದು ಒಂದು ದಾರಿ, ಬಾಗಿಲು ಹಾಕಿ ಜನರನ್ನು ಮನೆಗೆ ಕಳಿಸುವುದು ಇನ್ನೊಂದು. ಹೋಟೆಲಿನ ಬಾಗಿಲನ್ನೇನೋ ಮುಚ್ಚಿದರು. ಜನರನ್ನು ಮಾತ್ರ ಬಿಡಲಿಲ್ಲ. ಅವರಿಗೆ ಕೆಲಸ ಕೊಡಲೆಂದು ಹಿಟ್ಟು, ಪುಡಿ, ದಿಢೀರ್ ತಿಂಡಿಯ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರಲು ತೊಡಗಿದರು. ಇಂದು ದೇಶ ವಿದೇಶಗಳ ಕನ್ನಡಿಗರ ಅಡುಗೆಮನೆಯ ಕಪಾಟಿನಲ್ಲಿ ಕೂತಿರುವ ರವೆ ಇಡ್ಲಿ ಮಿಕ್ಸ್, ಸಾಂಬಾರ್ ಪುಡಿಗಳ ಮೂಲ ಆ ನಿರ್ಧಾರದಲ್ಲಿದೆ. ಆ ವ್ಯವಹಾರ ಮುಂದೆ ಪ್ರತ್ಯೇಕ ಕಂಪನಿಯಾಗಿ, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನದಿಂದ ಕೆಡದ ಸಿದ್ಧ ಊಟದ ಪೊಟ್ಟಣಗಳಿಗೂ ಕೈಹಾಕಿ, 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಗೆ ಸುಮಾರು 353 ಕೋಟಿ ರೂಪಾಯಿಗೆ ಮಾರಾಟವಾಯಿತು. ಮತ್ತೆ ಬಾಗಿಲು ತೆರೆದ ಹೋಟೆಲು ಮಾತ್ರ ಕುಟುಂಬದಲ್ಲೇ ಉಳಿಯಿತು.

ಲೆಕ್ಕಪತ್ರ ನೋಡುವವರು ಬಾಗಿಲು ಮುಚ್ಚಿದ ಕಾಲದ ಆ ಸಂಬಳವನ್ನು ದಂಡದ ಖರ್ಚು ಎಂದು ಬರೆದಿರುತ್ತಿದ್ದರು. ಕೆಲಸವಿಲ್ಲದ ಜನರನ್ನು ಇಟ್ಟುಕೊಳ್ಳುವುದು ದಕ್ಷತೆಗೆ ವಿರುದ್ಧ ಎಂಬುದು ಪಾಠಪುಸ್ತಕದ ಮಾತು. ಆದರೆ ಸಾಂಬಾರ್ ಪುಡಿಯ ಅಳತೆ ಯಾವ ಕಡತದಲ್ಲಿತ್ತು? ಅದು ಇದ್ದದ್ದು ಕೊತ್ತಂಬರಿ ಹುರಿಯುವವರ ಮೂಗಿನಲ್ಲಿ, ಮೆಂತ್ಯ ಕಂದಿತೆಂದು ಕಂಡುಕೊಳ್ಳುವ ಕಣ್ಣಿನಲ್ಲಿ. ಅವರನ್ನು ಕಳಿಸಿದ್ದರೆ ಪೊಟ್ಟಣದೊಳಗೆ ತುಂಬಲು ಏನೂ ಇರುತ್ತಿರಲಿಲ್ಲ.

ಇದಕ್ಕೆ ಜೋಡಿಯಾಗಿ ನಿಲ್ಲುವ ಪ್ರಸಂಗವೊಂದು ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ನಡೆದಿದೆ. ಜನರಲ್ ಮೋಟಾರ್ಸ್ 1982ರಲ್ಲಿ ಅಲ್ಲಿನ ಕಾರ್ಖಾನೆಯನ್ನು ಮುಚ್ಚಿತು. ಗೈರುಹಾಜರಿಗೂ ಜಗಳಕ್ಕೂ ಅದು ಹೆಸರಾಗಿತ್ತು. 1984ರಲ್ಲಿ ಟೊಯೋಟ ಜೊತೆಗೂಡಿ ನಮ್ಮಿ ಎಂಬ ಹೆಸರಿನಲ್ಲಿ ಅದನ್ನೇ ಮತ್ತೆ ತೆರೆದಾಗ ಒಳಗೆ ಬಂದವರು ಬಹುಪಾಲು ಅದೇ ಹಳೆಯ ಕೆಲಸಗಾರರು, ಅದೇ ಕಾರ್ಮಿಕ ಸಂಘ. ಹತ್ತಾರು ಹುದ್ದೆ ವರ್ಗಗಳನ್ನು ಬೆರಳೆಣಿಕೆಗೆ ಇಳಿಸಿದರು, ತಂಡದೊಳಗೆ ಕೆಲಸ ಸರದಿಯಾಯಿತು, ತೀರಾ ಅನಿವಾರ್ಯವಾಗದೆ ಯಾರನ್ನೂ ತೆಗೆಯುವುದಿಲ್ಲವೆಂದು ಮಾತು ಕೊಟ್ಟರು. 1988ರ ಸುಮಾರಿಗೆ ಕಾರುಗಳಿಗೆ ಬೇಡಿಕೆ ಕುಸಿದಾಗ ಆ ಮಾತನ್ನು ಉಳಿಸಿಕೊಂಡು, ಕೈಖಾಲಿಯಾದವರನ್ನು ತರಬೇತಿಗೂ ಸುಧಾರಣೆಯ ಕೆಲಸಕ್ಕೂ ಹಾಕಿದರು. ಕೆಲಸ ಹೋಗುವುದಿಲ್ಲವೆಂಬ ಧೈರ್ಯವಿದ್ದವನು ತನ್ನ ಕೆಲಸವನ್ನು ಚಿಕ್ಕದಾಗಿಸುವ ಉಪಾಯವನ್ನು ಬಾಯಿಬಿಟ್ಟು ಹೇಳುತ್ತಾನೆ. ಆ ಧೈರ್ಯವಿಲ್ಲದವನು ಅದನ್ನು ಮುಚ್ಚಿಟ್ಟುಕೊಳ್ಳುತ್ತಾನೆ.

ಮುಚ್ಚಿಟ್ಟುಕೊಂಡವರನ್ನು ನಾನು ಹತ್ತಿರದಿಂದ ಬಲ್ಲೆ. ನಾನು ದುಡಿದ ಸಂಸ್ಥೆಗಳಲ್ಲೊಂದು, ಹೆಸರು ಬೇಡ, ಬಿಡಿಭಾಗಗಳ ಎಣಿಕೆಗೆ ಇನ್ಸೆಂಟಿವ್ ಕಟ್ಟಿತ್ತು. ಯೋಜನೆಯ ಕರಡು ಬರೆದವರಲ್ಲಿ ನಾನೂ ಒಬ್ಬ. ಎಣಿಕೆ ಏರಿತು, ಎಲ್ಲರೂ ಬೆನ್ನು ತಟ್ಟಿಕೊಂಡೆವು. ಬೇರೆ ಯಂತ್ರ ಕಲಿಯಲು ಹೋದವನಿಗೆ ಆ ದಿನದ ಎಣಿಕೆ ತಪ್ಪುತ್ತದೆ, ಇನ್ಸೆಂಟಿವ್ ಹೋಗುತ್ತದೆ. ಹಾಗಾಗಿ ಯಾರೂ ಕಲಿಯಲು ಹೋಗಲಿಲ್ಲ. ಗಿರಾಕಿ ಕಂಪನಿ ಡ್ರಾಯಿಂಗ್ ಬದಲಿಸಿದ ದಿನ ಇಡೀ ಶಾಪಿನಲ್ಲಿ ಹೊಸ ಸೆಟ್ಟಿಂಗ್ ಮಾಡಬಲ್ಲವರು ಇಬ್ಬರೇ ಇದ್ದರು, ಅವರಲ್ಲೊಬ್ಬ ಮಗಳ ಮದುವೆಗೆ ರಜೆಯಲ್ಲಿದ್ದ. ಕೆಲಸ ಕಡಿಮೆಯಾದಾಗ ಕಳಿಸಿದ ಗುತ್ತಿಗೆ ಹುಡುಗರನ್ನು ಆರು ತಿಂಗಳ ಮೇಲೆ ಮತ್ತೆ ಕರೆಯಲು ಹೋದರೆ ಅವರಾಗಲೇ ಬೇರೆ ಕಡೆ ಸೇರಿದ್ದರು. ಕಾಗದದ ಮೇಲೆ ನಮ್ಮ ದಕ್ಷತೆ ಅತ್ಯುತ್ತಮವಾಗಿತ್ತು.

ಇಷ್ಟು ಹೊಗಳಿದ ಮೇಲೆ ಉಡುಪಿ ಹೋಟೆಲುಗಳ ಸಿಬ್ಬಂದಿ ಪದ್ಧತಿಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷವಾಗುತ್ತದೆ. ಕರಾವಳಿಯ ಹೋಟೆಲು ಪರಂಪರೆಯಲ್ಲಿ ನೇಮಕಾತಿ ಎಂದರೆ ಊರಿಗೆ ಒಂದು ಕಾಗದ ಬರೆಯುವುದು. ನೆಂಟರ, ಜಾತಿಯವರ, ಪಕ್ಕದ ಮನೆಯವರ ಹುಡುಗ ಬಸ್ಸು ಹತ್ತಿ ಬರುತ್ತಿದ್ದ. ಊಟ, ವಸತಿ ಹೋಟೆಲಿನಲ್ಲೇ. ಮೇಜು ಒರೆಸುವ ಮಾಣಿ ಸಪ್ಲೈಯರ್ ಆಗಿ, ಅಡುಗೆಮನೆ ಹೊಕ್ಕು, ಗಲ್ಲಾದಲ್ಲಿ ಕೂತು, ಕೊನೆಗೆ ತನ್ನದೇ ಹೋಟೆಲು ಇಡುವವರೆಗೆ ಒಂದು ಏಣಿ ಇತ್ತು. ಅಡುಗೆಮನೆಯ ಚಿಕ್ಕ ಕೆಲಸದಿಂದ ಆರಂಭಿಸಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆ ಕೃಷ್ಣ ರಾಯರು ಅದರ ತುದಿಗೇರಿದವರು. ಮುಂಬೈಯ ಹೋಟೆಲುಗಳಲ್ಲಿ ದುಡಿದ ಎಷ್ಟೋ ಹುಡುಗರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದರು. ಸಂಜೆ ಶಾಲೆಗೆ ಬಿಟ್ಟ ಮಾಲೀಕರನ್ನು ಅವರು ಇಂದಿಗೂ ನೆನೆಯುತ್ತಾರೆ. ಏಣಿಯ ಪ್ರತಿ ಮೆಟ್ಟಿಲನ್ನೂ ಹತ್ತಿ ಬಂದವನಿಗೆ ಹೋಟೆಲಿನ ಎಲ್ಲ ಕೆಲಸವೂ ಗೊತ್ತಿರುವುದರಿಂದ ಯಾರು ರಜೆ ಹಾಕಿದರೂ ಹೋಟೆಲು ನಿಲ್ಲುತ್ತಿರಲಿಲ್ಲ. ಆದರೆ ಆ ಏಣಿಯ ಬುಡದಲ್ಲಿ ನಿಂತಿದ್ದವರು ಶಾಲೆ ಬಿಟ್ಟ ಮಕ್ಕಳು ಎಂಬುದನ್ನು ಮರೆಯಬಾರದು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂಬ ಕೇಂದ್ರದ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಊರು, ಜಾತಿಗಳ ನಂಟಿನಿಂದ ಬಂದ ನಂಬಿಕೆಗೆ ಹೊರಗಿನವರಿಗೆ ಬಾಗಿಲು ಮುಚ್ಚಿದ ಬೆಲೆಯೂ ಇತ್ತು. 1924ರ ಆ ಹೆಸರಿನ ಮೊದಲ ಪದವೇ ಅದನ್ನು ಹೇಳುತ್ತದೆ.

ಊರಿನ ಕಾಗದಕ್ಕೆ ಈಗ ಹುಡುಗರು ಬರುವುದಿಲ್ಲ. ಕರಾವಳಿಯ ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ. ಬೆಂಗಳೂರಿನ ಹೋಟೆಲುಗಳಲ್ಲಿ ಇಂದು ಉತ್ತರ ಕರ್ನಾಟಕದವರು, ಒಡಿಶಾ, ಬಿಹಾರ, ಈಶಾನ್ಯ ರಾಜ್ಯಗಳವರು ದುಡಿಯುತ್ತಿದ್ದಾರೆ. ಇದಕ್ಕೆ ನಗರದ ಹೋಟೆಲುಗಳು ಹಲವು ಉತ್ತರ ಕಂಡುಕೊಂಡಿವೆ. 1983ರಲ್ಲಿ ಜಯನಗರದಲ್ಲಿ ಆರಂಭವಾದ ದರ್ಶಿನಿಯ ಮಾದರಿ ಕುರ್ಚಿಯನ್ನೂ ಸಪ್ಲೈಯರನ್ನೂ ಒಟ್ಟಿಗೆ ತೆಗೆದುಹಾಕಿತು; ಗಿರಾಕಿಯೇ ಸಪ್ಲೈಯರ್. ದಕ್ಷತೆಯ ವಿಷಯದಲ್ಲಿ ಅದನ್ನು ಮೀರಿಸುವುದು ಕಷ್ಟ, ನಾನೂ ವಾರಕ್ಕೆ ನಾಲ್ಕು ಸಲ ಅಲ್ಲೇ ನಿಂತು ತಿನ್ನುವವನು. ಇಂಡಿಯನ್ ಕಾಫಿ ಹೌಸಿನದು ಇನ್ನೊಂದು ದಾರಿ: ಕಾಫಿ ಮಂಡಳಿ ತನ್ನ ಕಾಫಿ ಮನೆಗಳನ್ನು ಮುಚ್ಚಹೊರಟಾಗ ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಅವರ ನಾಯಕತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು, ಬೆಂಗಳೂರಿನ ಸಂಘ ಆರಂಭವಾದದ್ದು 1957ರಲ್ಲಿ. ನಮ್ಮ ಬಡಾವಣೆಯ ಒಂದು ಹೋಟೆಲು ಮಾತ್ರ ಮೂರನೆಯ ದಾರಿ ಹಿಡಿದಿದೆ. ಏಜೆಂಟನೊಬ್ಬನ ಮೂಲಕ ಮೂರು ಮೂರು ತಿಂಗಳಿಗೆ ಜನರನ್ನು ಬದಲಿಸುತ್ತದೆ. ಅಲ್ಲಿ ಸಾಗು ಇದೆಯೇ ಎಂದು ಕೇಳಿದರೆ ಹುಡುಗ ಗೋಡೆಯ ಮೇಲಿನ ಪಟ್ಟಿ ತೋರಿಸುತ್ತಾನೆ. ತಪ್ಪು ಅವನದಲ್ಲ, ಸಾಗು ಎಂದರೇನೆಂದು ಅವನಿಗೆ ಯಾರೂ ಹೇಳಿಲ್ಲ. ಮೊದಲ ದಿನ ಅಡುಗೆಮನೆಯಲ್ಲಿ ಕೂರಿಸಿ ಎಲ್ಲ ತಿಂಡಿಯನ್ನೂ ಒಂದೊಂದು ತುತ್ತು ತಿನ್ನಿಸಿದ್ದರೆ ಸಾಕಿತ್ತು. ಆ ಒಂದು ದಿನದ ಸಂಬಳವನ್ನು ಮಾಲೀಕರು ಉಳಿಸಿದ್ದಾರೆ.

ಎಂ.ಟಿ.ಆರ್. ತನ್ನ ಪಟ್ಟಿಯನ್ನು ಹೊತ್ತಿಗೆ ತಕ್ಕಂತೆ ಚಿಕ್ಕದಾಗಿ ಇಟ್ಟುಕೊಂಡಿರುವುದನ್ನು ಹಲವರು ಹಟವೆಂದು ಬಗೆಯುತ್ತಾರೆ. ಗೋಬಿ ಮಂಚೂರಿಯನ್ನಿನಿಂದ ಫಾಲೂದದವರೆಗೆ ಎಲ್ಲವನ್ನೂ ಮಾಡುವ ಹೋಟೆಲೇ ಬದಲಾವಣೆಗೆ ಹೊಂದಿಕೊಂಡ ಹೋಟೆಲು ಎಂಬ ಭಾವನೆ ಇದರ ಹಿಂದಿದೆ. ನನ್ನ ಅಭಿಪ್ರಾಯ ಬೇರೆ. ಪಟ್ಟಿ ಉದ್ದವಾದಷ್ಟೂ ಪ್ರತಿಯೊಂದನ್ನೂ ಬಲ್ಲವರ ಸಂಖ್ಯೆ ಕಡಿಮೆಯಾಗುತ್ತದೆ, ಒಬ್ಬರು ಬಿಟ್ಟರೆ ನಾಲ್ಕು ತಿಂಡಿ ನಿಲ್ಲುತ್ತವೆ. ಪಟ್ಟಿ ಚಿಕ್ಕದಾಗಿದ್ದರೆ ಎಲ್ಲರಿಗೂ ಎಲ್ಲವನ್ನೂ ಕಲಿಸಬಹುದು. ಆದರೂ ಸಂಜೆಯ ಹೊತ್ತಿನಲ್ಲಿ ಅವರು ಇನ್ನಷ್ಟು ಧೈರ್ಯ ತೋರಬಹುದಿತ್ತು ಎನ್ನುವುದು ನನ್ನ ಆಸೆ. ಅಭಾವದಿಂದ ರವೆ ಇಡ್ಲಿಯನ್ನು ಕಂಡುಹಿಡಿದ ಅಡುಗೆಮನೆ ಸಮೃದ್ಧಿಯ ಕಾಲದಲ್ಲಿ ರಾಗಿ, ನವಣೆ, ಸಾಮೆಗಳ ಮೇಲೆ ಕೈಯಾಡಿಸಿದರೆ ಏನು ಬರಬಹುದೆಂಬ ಕುತೂಹಲ ನನಗಿದೆ. ಸಿಂಗಪುರ, ಲಂಡನ್, ದುಬೈಗಳಲ್ಲಿಯೂ ಈಗ ಶಾಖೆಗಳಿವೆ. ಲಾಲ್‌ಬಾಗ್ ರಸ್ತೆಯಲ್ಲಿ ನೋಡಿ ಕಲಿಯುವುದರ ಮೇಲೆ ನಿಂತಿರುವ ಹದವನ್ನು ಅಷ್ಟು ದೂರ ಸಾಗಿಸುವುದು ಪೊಟ್ಟಣ ಕಟ್ಟುವುದಕ್ಕಿಂತ ಕಠಿಣವಾದ ಸಿಬ್ಬಂದಿ ಸಮಸ್ಯೆ.

ಹೋಗುವವರಿಗೆ ಎರಡು ಮಾತು. ಸೋಮವಾರ ರಜೆ. ಬಿಡುವಿನ ದಿನ ಬೆಳಿಗ್ಗೆ ಹೋಗುವವರು ಹೆಸರು ಬರೆಸಿ ಕಾಯಲು ಸಿದ್ಧರಾಗಿರಬೇಕು, ಕಾಯುವವರ ನಡುವೆ ಒಳ್ಳೆಯ ಹರಟೆ ಸಿಗುತ್ತದೆ. ಮಧ್ಯಾಹ್ನದ ಊಟಕ್ಕೆ ನಿಜವಾದ ಹಸಿವೆ ಇಟ್ಟುಕೊಂಡು ಹೋಗಿ, ಯಾವುದನ್ನೂ ಬೇಡವೆನ್ನಲು ಅವಸರಪಡಬೇಡಿ. ನಾನು ಹುಳಿಯನ್ನ ಮುಗಿಸುವ ಹೊತ್ತಿಗೆ ಹೊರಗೆ ಮುಂದಿನ ಪಂಕ್ತಿಯ ಹೆಸರು ಕೂಗುತ್ತಿದ್ದರು. ಬೆಳಗಿನ ಸಪ್ಲೈಯರು ಸಾರಿನ ಸೌಟು ಹಿಡಿದು ಎರಡನೆಯ ಸುತ್ತು ಬಂದವರು ನನ್ನ ಗುರುತು ಹಿಡಿದು ನಿಂತರು. "ಬೆಳಿಗ್ಗೆ ಕಾಫಿಗೆ ಸಕ್ಕರೆ ಕಮ್ಮಿ ಅಂದಿದ್ರಲ್ಲ ಸರ್, ಪಾಯಸ ಒಂದೇ ಸೌಟು ಹಾಕೋಕೆ ಹೇಳ್ತೀನಿ" ಎಂದು ಹೇಳಿ, ಪಾಯಸದವರ ಕಡೆಗೆ ಬೆರಳೊಂದನ್ನು ಎತ್ತಿ ತೋರಿಸಿ ಮುಂದಿನ ಎಲೆಗೆ ಹೋದರು.